ಎರಡು ಕುದುರೆಗಳಿಗೊಂದು ಸೂರು

ನೇತ್ರಾವತಿಯ ನೀರು ಬಂಟ್ವಾಳದ ಕೆಳಗಿನ ಪೇಟೆಗೆ ಹತ್ತುವುದು ನಮಗೆ ಹೊಸದಲ್ಲ. ಅಂಗಡಿಯವರು ಸಾಮಾನನ್ನು ಅಟ್ಟಕ್ಕೆ ಏರಿಸುತ್ತಾರೆ, ಮನೆಯವರು ಮಂಚದ ಕಾಲಿಗೆ ಕಲ್ಲು ಕೊಡುತ್ತಾರೆ, ನೀರು ಇಳಿದ ಮೇಲೆ ಎಲ್ಲರೂ ಸೇರಿ ಕೆಸರು ತೊಳೆಯುತ್ತಾರೆ. ಆ ಮಳೆಗಾಲದಲ್ಲಿ ನಮಗೆ ಹೊಸದಾಗಿದ್ದದ್ದು ಬೇರೆ. ನನ್ನ ಗಂಡ ಸ್ಟ್ರೋಕ್ ಆಗಿ ಮಂಗಳೂರಿನ ಆಸ್ಪತ್ರೆಯಲ್ಲಿದ್ದು ಮನೆಗೆ ಬಂದು ಹೆಚ್ಚು ದಿನವಾಗಿರಲಿಲ್ಲ. ಬಲಗೈ, ಬಲಗಾಲು ಅವರು ಹೇಳಿದಂತೆ ಕೇಳುತ್ತಿರಲಿಲ್ಲ. ನಾಲಗೆಯೂ ಅಷ್ಟೆ. ಹೇಳಬೇಕಾದ್ದು ಏನೆಂದು ಅವರಿಗೆ ಗೊತ್ತಿರುತ್ತಿತ್ತು. ಶಬ್ದ ಮಾತ್ರ ಸಿಗುತ್ತಿರಲಿಲ್ಲ. ಹಿತ್ತಿಲಿನ ಟಾರ್ಪಾಲಿನ ಅಡಿಯಲ್ಲಿ ಅವರ ಎರಡು ಕುದುರೆಗಳು ಮೊಣಕಾಲುದ್ದದ ಕೆಂಪು ನೀರಿನಲ್ಲಿ ನಿಂತಿದ್ದವು.

ಅವರದು ದಿಬ್ಬಣದ ಕುದುರೆಯ ಕಸುಬು. ಹರೆಯದಲ್ಲಿ ಮೈಸೂರಿನ ಕಡೆ ಒಂದು ಲಾಯದಲ್ಲಿ ಕೆಲಸಕ್ಕಿದ್ದು ಕುದುರೆಯ ವಿಷಯ ಕಲಿತು ಬಂದವರು. ನಮ್ಮ ಕಡೆ ಮದುಮಗನನ್ನು ಕುದುರೆಯ ಮೇಲೆ ಕರೆತರುವ ಆಸೆ ಜನರಿಗೆ ಹುಟ್ಟಿದ ಹೊತ್ತಿಗೆ ಒಂದು ಬಿಳಿ ಹೆಣ್ಣುಕುದುರೆಯನ್ನೂ ಒಂದು ಕಂದು ಗಂಡುಕುದುರೆಯನ್ನೂ ತಂದು ಸಾಕಿದರು. ಮದುವೆ, ಮೆರವಣಿಗೆ, ಶಾಲೆಯ ವಾರ್ಷಿಕೋತ್ಸವ ಎಂದು ಅವನ್ನು ಕರೆಯುತ್ತಿದ್ದರು. ನಾವು ಬೇರೆ ಹೆಸರಿಡಲಿಲ್ಲ. ಬಿಳಿ, ಕಂದು ಎಂದೇ ಕೂಗುತ್ತಿದ್ದೆವು.

ನಾನು ಟೈಲರ್. ಕುದುರೆಯ ಬೆನ್ನಿಗೆ ಹಾಸುವ ಜರಿಯ ಬಟ್ಟೆ, ಹಣೆಪಟ್ಟಿ, ಗೊಂಡೆ ಎಲ್ಲ ಹೊಲಿಯುತ್ತಿದ್ದದ್ದು ನಾನೇ. ಆದರೆ ಅಳತೆ ತೆಗೆಯುವುದಕ್ಕೂ ಕುದುರೆಯ ಹತ್ತಿರ ಹೋದವಳಲ್ಲ. ಟೇಪು ಅವರ ಕೈಗೆ ಕೊಟ್ಟು, ದೂರ ನಿಂತು, ಅವರು ಹೇಳಿದ್ದನ್ನು ಬರೆದುಕೊಳ್ಳುತ್ತಿದ್ದೆ. ಅಷ್ಟು ದೊಡ್ಡ ಪ್ರಾಣಿ ಹಾಗೆ ಸುಮ್ಮನೆ ನಿಲ್ಲುತ್ತದೆ ಎಂಬುದನ್ನು ನಂಬಲು ನನ್ನಿಂದ ಆಗುತ್ತಿರಲಿಲ್ಲ.

ನೀರು ಹತ್ತಿದ ಆ ಬೆಳಿಗ್ಗೆ ನೆರೆಮನೆಯವರು ನನ್ನ ಗಂಡನನ್ನು ಕುರ್ಚಿಯ ಸಮೇತ ಎತ್ತಿ ಮೇಲಿನ ರಸ್ತೆಯಲ್ಲಿ ನಿಂತಿದ್ದ ರಿಕ್ಷಾಕ್ಕೆ ಒಯ್ಯುವಾಗ ಇವರು ಎಡಗೈಯಲ್ಲಿ ಹಿತ್ತಿಲನ್ನೇ ತೋರಿಸುತ್ತಿದ್ದರು.

“ನೀವು ಹೋಗಿ. ನಾನು ತರ್ತೇನೆ” ಎಂದೆ.

ಅವರು ನನ್ನ ಮುಖ ನೋಡಿದರು. ಇಷ್ಟು ವರ್ಷದಲ್ಲಿ ನಾನು ಕುದುರೆಯ ಹಗ್ಗ ಮುಟ್ಟಿದ್ದನ್ನು ಅವರು ಕಂಡಿರಲಿಲ್ಲ.

ಸೀರೆಯನ್ನು ಮೊಣಕಾಲಿಗೆ ಎತ್ತಿ ಕಟ್ಟಿ ನೀರಿಗಿಳಿದೆ. ಬಿಳಿಯ ಹಗ್ಗ ಬಿಚ್ಚಿ ಎಳೆದರೆ ಅದು ಒಂದು ಹೆಜ್ಜೆಯೂ ಇಡಲಿಲ್ಲ. ತಲೆ ಮೇಲೆತ್ತಿ, ಕಿವಿ ಹಿಂದೆ ಮಾಡಿ, ಮೂಗಿನಿಂದ ದೊಡ್ಡ ಶಬ್ದ ಮಾಡಿತು. ಇನ್ನೇನು ಮಾಡುವುದೆಂದು ಗೊತ್ತಾಗದೆ, ಸ್ವಲ್ಪ ಸಮಾಧಾನದ ಸ್ವಭಾವದ್ದೆಂದು ಕೇಳಿದ್ದ ಕಂದನ್ನು ಬಿಚ್ಚಿದೆ. ಅದು ನೀರನ್ನು ಮೂಸಿ, ನನ್ನ ಹೆಗಲಿನ ಪಕ್ಕದಲ್ಲೇ ನಡೆಯಲು ಶುರುಮಾಡಿತು. ಹಿಂದಿರುಗಿ ನೋಡಿದರೆ ಬಿಳಿಯೂ ಬರುತ್ತಿದೆ. ಹಗ್ಗ ನೀರಿನಲ್ಲಿ ತೇಲುತ್ತಿದೆ, ಮೂತಿ ಕಂದಿನ ಬಾಲಕ್ಕೆ ತಾಗುವಷ್ಟು ಹತ್ತಿರ. ಹಾಗೆ ಮೂವರೂ ಮೇಲಿನ ರಸ್ತೆಗೆ ಹತ್ತಿದೆವು. ರಿಕ್ಷಾದೊಳಗೆ ಕುಳಿತಿದ್ದ ನನ್ನ ಗಂಡನ ಕಣ್ಣಿನಿಂದ ನೀರು ಇಳಿಯುತ್ತಿತ್ತು.

ಅಣ್ಣನ ಮನೆ ಸಿದ್ಧಕಟ್ಟೆಯ ಹತ್ತಿರ. ಅವನೇ ಟೆಂಪೋ ಮಾಡಿಕೊಂಡು ಬಂದ. “ಭಾವ ಸರಿಯಾಗುವವರೆಗೆ ಎಲ್ಲರೂ ಅಲ್ಲಿಗೆ ಬನ್ನಿ. ಕುದುರೆಗೂ ಜಾಗ ಉಂಟು” ಎಂದ. ಅವನು ಹೇಳಿದ ಜಾಗವೆಂದರೆ ಮನೆಯ ಹಿಂದಿನ ಖಾಲಿ ಕೋಳಿ ಶೆಡ್ಡು. ಕೋಳಿ ಸಾಕುವುದನ್ನು ಬಿಟ್ಟು ಸುಮಾರು ಕಾಲವಾಗಿತ್ತು. ಉದ್ದಕ್ಕೆ ಬೇಕಾದಷ್ಟಿತ್ತು. ತಗ್ಗಿನ ತಗಡಿನ ಮಾಡು, ಸೊಂಟದೆತ್ತರದ ಗೋಡೆ, ಅದರ ಮೇಲೆ ತಂತಿಯ ಬಲೆ. ಒಳಗೆ ಹೋದ ಕೂಡಲೇ ಕಂದು ತಲೆ ಎತ್ತಿ ಕಬ್ಬಿಣದ ಅಡ್ಡಪಟ್ಟಿಗೆ ಹಣೆ ಬಡಿದುಕೊಂಡಿತು. ಮಳೆ ಬಂದಾಗ ತಗಡಿನ ಶಬ್ದಕ್ಕೆ ಎರಡೂ ನಡುಗುತ್ತಿದ್ದವು. ಮಳೆ ಬಿಟ್ಟು ಬಿಸಿಲು ಬಿದ್ದರೆ ಒಳಗೆ ಧಗೆ. ಬಿಳಿಯಂತೂ ತಂತಿಯ ಬಲೆಗೆ ಕುತ್ತಿಗೆ ಉಜ್ಜಿ ಅಷ್ಟಗಲ ಕೂದಲು ಕಿತ್ತುಕೊಂಡಿತು.

ಹಾಗಾದರೆ ದನದ ಹಟ್ಟಿಯಲ್ಲೇ ಕಟ್ಟುವ ಎಂದಳು ಅತ್ತಿಗೆ. ಅದನ್ನೂ ನೋಡಿದೆವು. ನಮ್ಮ ಹಟ್ಟಿಗಳಲ್ಲಿ ಕಾಡಿನ ಸೊಪ್ಪು ಹಾಸುವುದು ಗೊಬ್ಬರಕ್ಕೆ. ದನ ತುಳಿದು ತುಳಿದು, ಸೆಗಣಿ ಗಂಜಳ ಸೇರಿ ಅದು ಕೊಳೆಯಬೇಕು. ಅದಕ್ಕಾಗಿಯೇ ಹಾಗೆ ಬಿಡುವುದು. ಕುದುರೆಗಳು ಆ ಒದ್ದೆಯಲ್ಲಿ ನಿಂತ ಮೇಲೆ ಗೊರಸಿನ ಅಡಿಯಿಂದ ಕೆಟ್ಟ ವಾಸನೆ ಬರತೊಡಗಿತು. ಕಾಲೆತ್ತಿ ನೋಡಿದರೆ ನಡುವಿನ ಮೆತ್ತನೆಯ ಭಾಗ ಕಪ್ಪಾಗಿ ಕೊಳೆಯುತ್ತಿತ್ತು. ಕಾಲೆತ್ತಿ ನೋಡಿದವಳು ನಾನೇ. ಇವರು ಜಗಲಿಯ ಕುರ್ಚಿಯಲ್ಲಿ ಕುಳಿತು, ಎಡಗೈಯನ್ನು ಕಾಲಿನ ಹಿಂಭಾಗದಲ್ಲಿ ಮೇಲಿನಿಂದ ಕೆಳಕ್ಕೆ ಸವರಿ, ಕುದುರೆಯ ಕಾಲನ್ನು ಹೇಗೆ ಎತ್ತಿಸಬೇಕೆಂದು ತಮ್ಮದೇ ಕಾಲಿನಲ್ಲಿ ತೋರಿಸಿದ್ದರು. ಹಾಗೆ ಸವರಿದಾಗ ಕಂದು ತಾನಾಗಿ ಕಾಲನ್ನು ನನ್ನ ಅಂಗೈಗೆ ಕೊಟ್ಟಿತು. ಆ ಭಾರ ನನಗೆ ಈಗಲೂ ನೆನಪುಂಟು.

ಊರಿನಲ್ಲಿ ಎಲ್ಲರೂ ಮಾರಿಬಿಡಿ ಎನ್ನುತ್ತಿದ್ದ ದಿನಗಳು ಅವು. ಬೆಳ್ತಂಗಡಿ ಕಡೆಯ ಒಬ್ಬರು ನೋಡಲೂ ಬಂದರು. ಅವರದು ಘಟ್ಟದ ಬುಡದಲ್ಲಿ ಒಂದು ಹೋಂಸ್ಟೇ. ಬಂದ ಅತಿಥಿಗಳು ಫೋಟೋ ತೆಗೆಸಿಕೊಳ್ಳಲು ಬಿಳಿ ಕುದುರೆ ಬೇಕಿತ್ತು. ಒಳ್ಳೆಯ ಮನುಷ್ಯ. ಕುದುರೆಯ ಮೈದಡವಿದ ರೀತಿಯಲ್ಲೇ ಗೊತ್ತಾಗುತ್ತಿತ್ತು.

“ಬಿಳಿ ಒಂದು ಸಾಕು ಅಮ್ಮ. ಚೆನ್ನಾಗಿ ನೋಡಿಕೊಳ್ತೇನೆ. ಕಂದಿಗೆ ಬೇರೆ ಯಾರಾದರೂ ಸಿಗಬಹುದು” ಎಂದರು.

ನನ್ನ ಗಂಡನನ್ನು ಕೇಳಿದೆ. ಇವರು ಗೋಡೆಯ ಕಡೆ ಮುಖ ತಿರುಗಿಸಿದರು. ಬೇಡ ಎಂದೋ, ನನ್ನಿಂದ ಹೇಳಲಾಗುವುದಿಲ್ಲ ಎಂದೋ ಗೊತ್ತಾಗಲಿಲ್ಲ. “ಸ್ವಲ್ಪ ಸಮಯ ಕೊಡಿ” ಎಂದು ಆ ಮನುಷ್ಯನನ್ನು ಕಳುಹಿಸಿದೆ.

ಅಣ್ಣನ ಪರಿಚಯದವರೊಬ್ಬರು ಕಂಬಳದ ಕೋಣ ಸಾಕುವವರು ಹತ್ತಿರದಲ್ಲೇ ಇದ್ದರು. ವಯಸ್ಸಾದ ಯಜಮಾನರು. ನಮ್ಮ ಅವಸ್ಥೆ ಕೇಳಿ ತಮ್ಮ ಹಟ್ಟಿಯನ್ನು ನೋಡಲು ಕರೆದರು. ನಾಲ್ಕು ಕಡೆ ಗೋಡೆ, ಸಿಮೆಂಟಿನ ನುಣುಪಾದ ನೆಲ, ಮೇಲೆ ಫ್ಯಾನು, ಸೊಳ್ಳೆಗೆ ಪರದೆ. ಕೋಣಗಳ ಮೈ ಎಣ್ಣೆ ತಿಕ್ಕಿ ಮಿರಮಿರ ಮಿಂಚುತ್ತಿತ್ತು. ನಮ್ಮ ಬಾಡಿಗೆ ಮನೆಗಿಂತ ಅಚ್ಚುಕಟ್ಟಾಗಿತ್ತು ಅದು.

“ಪ್ರಾಣಿಗೆ ಗಾಳಿ ಹೊಡಿಬಾರದು, ಮಳೆ ತಾಗಬಾರದು, ಸೊಳ್ಳೆ ಕಚ್ಚಬಾರದು. ಇಷ್ಟೇ ಅಕ್ಕ” ಎಂದರು. “ಹೀಗೇ ಎರಡು ಕೋಣೆ ಮಾಡುವ. ನನ್ನ ಮೇಸ್ತ್ರಿಯನ್ನೇ ಕಳಿಸ್ತೇನೆ.”

ಕಾಂಪೌಂಡ್ ಕಟ್ಟಲೆಂದು ಅಣ್ಣ ತರಿಸಿಟ್ಟಿದ್ದ ಕೆಂಪುಕಲ್ಲು ಇತ್ತು. ಕೋಳಿ ಶೆಡ್ಡಿನ ಆಚೆ, ನೀರು ನಿಲ್ಲದ ಎತ್ತರದ ತಟ್ಟಿನಲ್ಲಿ, ಮಳೆ ಬಿಡುವು ಕೊಟ್ಟಾಗಲೆಲ್ಲ ಕೆಲಸ ಸಾಗಿತು. ಎರಡು ಕೋಣೆ, ನಡುವೆ ಪೂರ್ತಿ ಗೋಡೆ, ಪ್ರತಿಯೊಂದಕ್ಕೂ ಗಟ್ಟಿ ಮರದ ಬಾಗಿಲು, ಮೇಲೆ ಸಣ್ಣ ಕಿಟಕಿ. ಹಳೆ ಮನೆ ಕೆಡವಿದ ಕಡೆಯಿಂದ ಹಂಚು ಸಿಕ್ಕಿತು. ಹಂಚು ಹೊದಿಸಿದ ದಿನ ನಾನು ಒಳಗೆ ನಿಂತು ಮಳೆಯ ಶಬ್ದ ಕೇಳಿದೆ. ತಗಡಿನ ಅಬ್ಬರವಿಲ್ಲ. ಇಷ್ಟು ಒಳ್ಳೆಯ ಸೂರು ಕುದುರೆಗಳಿಗೆ ಹಿಂದೆ ಯಾವತ್ತೂ ಇರಲಿಲ್ಲ ಎಂದುಕೊಂಡೆ. ಬಂಟ್ವಾಳದಲ್ಲಿ ಅವು ಟಾರ್ಪಾಲಿನ ಅಡಿಯಲ್ಲಿ ಒಂದಕ್ಕೊಂದು ಒರಗಿಕೊಂಡೇ ಬಾಳಿದ್ದವು.

ಇವರು ಜಗಲಿಯಿಂದ ಎಲ್ಲವನ್ನೂ ನೋಡುತ್ತಿದ್ದರು. ನಡುವಿನ ಗೋಡೆ ಎದೆಯೆತ್ತರ ದಾಟಿದ ದಿನ ಚಡಪಡಿಸಲು ಶುರುಮಾಡಿದರು. ನಾನು ಹತ್ತಿರ ಹೋದೆ.

“ಕ… ಕಣ್ಣು” ಎಂದರು.

“ನಿಮಗೆ ಕಣ್ಣು ನೋಯ್ತಾ ಉಂಟಾ?”

ಇಲ್ಲವೆಂದು ತಲೆ ಆಡಿಸಿದರು. ಎಡಗೈ ಬಿಳಿಯ ಕಡೆ ಹೋಯಿತು. “ಕಣ್ಣು. ಕಣ್ಣು.”

ಬಿಳಿಯ ಕಣ್ಣಿನಲ್ಲಿ ನೀರಿಳಿದು ಕೆನ್ನೆಯ ಕೂದಲು ಅಂಟಿಕೊಂಡಿತ್ತು. ಮಳೆಗಾಲದ ನೊಣ. ಅದನ್ನೇ ಹೇಳುತ್ತಿದ್ದಾರೆಂದು ತಿಳಿದು ಮೂಡುಬಿದಿರೆ ಕಡೆಯಿಂದ ಬರುವ ಪಶುವೈದ್ಯೆಗೆ ಫೋನು ಮಾಡಿದೆ. ಇನ್ನೂ ಚಿಕ್ಕ ಪ್ರಾಯದ ಹೆಂಗಸು, ಸ್ಕೂಟರಿನಲ್ಲಿ ಬಂದಳು. ಮೊದಲ ಮಾತೇ ಇದು:

“ನಾನು ಹೆಚ್ಚು ನೋಡಿದ್ದು ದನ, ಆಡು, ನಾಯಿ. ಕುದುರೆಯನ್ನು ಕಾಲೇಜಿನಲ್ಲಿ ಕಲಿತದ್ದೇ. ಗೊತ್ತಿಲ್ಲದ್ದು ಇದ್ದರೆ ನಮ್ಮ ಮೇಷ್ಟ್ರನ್ನು ಕೇಳಿ ಹೇಳ್ತೇನೆ, ಆಗಬಹುದಾ?”

ಆ ಮಾತು ನನಗೆ ಹಿಡಿಸಿತು. ಟಾರ್ಚು ಹಾಕಿ ಕಣ್ಣು ನೋಡಿದಳು. ಗೊರಸು ನೋಡಿ ಔಷಧ ಕೊಟ್ಟಳು, ಒದ್ದೆಯಿಂದ ತೆಗೆಯಿರಿ ಎಂದಳು. “ಕಣ್ಣಿಗೆ ಎಂತದೂ ಆಗಲಿಲ್ಲ. ಸ್ವಚ್ಛ ನೀರಿನಲ್ಲಿ ಒರೆಸಿ, ಸಾಕು.” ಅದನ್ನು ಇವರಿಗೆ ಹೇಳಿದೆ. ಇವರು ಕಣ್ಣು ಮುಚ್ಚಿ ತಲೆಯನ್ನು ಕುರ್ಚಿಯ ಬೆನ್ನಿಗೆ ಆನಿಸಿಕೊಂಡರು. ನಾನು ತಪ್ಪು ತಿಳಿದುಕೊಂಡೆನೆಂದು ಗೊತ್ತಾಯಿತು. ಸರಿ ಯಾವುದೆಂದು ಗೊತ್ತಾಗಲಿಲ್ಲ. ಆ ದಿನಗಳಲ್ಲಿ ಇಂಥದ್ದು ಎಷ್ಟೋ ನಡೆಯುತ್ತಿತ್ತು. ಉಪ್ಪು ಬೇಕಾದಾಗ ನೀರು ಎನ್ನುತ್ತಿದ್ದರು, ತಮ್ಮ ಹೆಸರನ್ನೇ ಹುಡುಕುತ್ತಿದ್ದರು. ಆದ್ದರಿಂದ ಅದನ್ನು ಅಲ್ಲಿಗೇ ಬಿಟ್ಟೆ.

ಕಟ್ಟಡ ಮುಗಿದು ಕುದುರೆಗಳನ್ನು ಒಳಗೆ ಬಿಟ್ಟೆವು. ಒಂದು ಕೋಣೆಗೆ ಕಂದು, ಇನ್ನೊಂದಕ್ಕೆ ಬಿಳಿ. ಬಾಗಿಲು ಹಾಕಿದ ಸ್ವಲ್ಪ ಹೊತ್ತಿಗೆ ಬಿಳಿ ಕೂಗಲು ಶುರುಮಾಡಿತು. ಆಚೆಯಿಂದ ಕಂದು ಉತ್ತರಿಸಿತು. ಹೊಸ ಜಾಗ, ಅಭ್ಯಾಸವಾಗುತ್ತದೆ ಎಂದ ಅಣ್ಣ. ನಾಲ್ಕೈದು ದಿನ ಕಳೆದರೂ ಅಭ್ಯಾಸವಾಗಲಿಲ್ಲ. ಬಾಗಿಲಿನ ಹತ್ತಿರ ನಿಂತು ಬಿಳಿ ಎಡಕ್ಕೆ ಬಲಕ್ಕೆ, ಎಡಕ್ಕೆ ಬಲಕ್ಕೆ ಮೈ ತೂಗುತ್ತಲೇ ಇರುತ್ತಿತ್ತು. ಮೈಯೆಲ್ಲ ಬೆವರು. ಹುರುಳಿ ಬೇಯಿಸಿ ಹಾಕಿದರೆ ಮೂಸಿ ಬಿಡುತ್ತಿತ್ತು. ಕಂದು ಕೆಮ್ಮಲು ಹಿಡಿಯಿತು. ಬೆಳಿಗ್ಗೆ ಬಾಗಿಲು ತೆರೆದಾಗ ಗಂಜಳದ ಘಾಟು ನನ್ನ ಕಣ್ಣನ್ನೇ ಉರಿಸುತ್ತಿತ್ತು. ಸಿಮೆಂಟು ನೆಲ ಏನನ್ನೂ ಹೀರುತ್ತಿರಲಿಲ್ಲ. ಒಂದು ಮಧ್ಯಾಹ್ನ ದಡದಡ ಎಂಬ ಶಬ್ದ ಕೇಳಿ ಓಡಿದೆ. ಬಿಳಿಯು ಬಾಗಿಲಿಗೆ ಒದ್ದು ಹಲಗೆಯನ್ನು ಸೀಳಿತ್ತು. ಹಿಂಗಾಲಿನಿಂದ ರಕ್ತ ಇಳಿಯುತ್ತಿತ್ತು.

ಪಶುವೈದ್ಯೆ ಬಂದು ಗಾಯ ತೊಳೆದು ಹೊಲಿಗೆ ಹಾಕುವಾಗ ಬಿಳಿಯ ತಲೆ ಹಿಡಿದು ನಿಂತವಳು ನಾನು. ಅದರ ಉಸಿರು ನನ್ನ ಕುತ್ತಿಗೆಗೆ ಬಿಸಿಬಿಸಿಯಾಗಿ ತಾಗುತ್ತಿತ್ತು. ಹೆದರಿಕೆ ಯಾವಾಗ ಹೋಯಿತೋ ಗೊತ್ತಿಲ್ಲ. ಪಾಪ ಎನಿಸುತ್ತಿತ್ತು, ಅಷ್ಟೆ. ಒಳ್ಳೆಯದಾಗಲಿ ಎಂದು ಕಟ್ಟಿದ ಮನೆಯೊಳಗೆ ಅದು ಜೈಲಿನಲ್ಲಿದ್ದಂತೆ ಇತ್ತು.

ಕೈ ತೊಳೆಯುತ್ತಾ ಆ ಹುಡುಗಿ ಹೇಳಿದಳು: “ನಿನ್ನೆ ಮೇಷ್ಟ್ರ ಹತ್ತಿರ ಮಾತಾಡಿದೆ ಅಕ್ಕ. ದನ, ಕೋಣ ಹೊಟ್ಟೆ ತುಂಬಿದ ಮೇಲೆ ಮಲಗಿ ಮೆಲುಕು ಹಾಕ್ತವೆ. ಅವಕ್ಕೆ ಬೆಚ್ಚಗಿನ ಮೂಲೆ ಇದ್ದರೆ ಆಯಿತು. ಕುದುರೆ ಹಾಗಲ್ಲ. ಅದು ಸ್ವಲ್ಪ ತಿನ್ನುವುದು, ಸ್ವಲ್ಪ ನಡೆಯುವುದು, ಪುನಃ ತಿನ್ನುವುದು. ನಡೆಯದಿದ್ದರೆ ಹೊಟ್ಟೆ ಕಟ್ಟುತ್ತದೆ. ಶ್ವಾಸಕೋಶ ಕೂಡ ಬಹಳ ಸೂಕ್ಷ್ಮ. ಈ ಘಾಟಿನಲ್ಲಿ ಇರಲಿಕ್ಕೆ ಆಗುವುದಿಲ್ಲ. ಚಳಿ ದೇಶದಲ್ಲಿ ಮುಚ್ಚಿದ ಲಾಯ ಬೇಕಾಗಬಹುದು. ನಮ್ಮಲ್ಲಿ ಚಳಿ ಎಲ್ಲಿ ಉಂಟು?”

“ಮಳೆ ಉಂಟಲ್ಲ” ಎಂದೆ.

“ಮಳೆ ಬರುವುದು ಹೆಚ್ಚಾಗಿ ಒಂದೇ ಕಡೆಯಿಂದ ಅಲ್ವಾ? ಸದ್ಯಕ್ಕೆ ಗಾಳಿ ಆಡಲಿಕ್ಕೆ ಎಲ್ಲಿಯಾದರೂ ನಾಲ್ಕು ಕಲ್ಲು ತೆಗೆಸಿ ನೋಡುವ.”

ಮಾರನೆಯ ದಿನ ಮೇಸ್ತ್ರಿ ಬಂದ. ಹೊರಗೋಡೆಯಲ್ಲಿ ಕಲ್ಲು ತೆಗೆದರೆ ಮಳೆಯ ಇರಚಲು ಬರುತ್ತದೆಂದು ಅವನು ನಡುವಿನ ಗೋಡೆಯನ್ನೇ ಆರಿಸಿದ. ಎದೆಯೆತ್ತರದಲ್ಲಿ ಕೆಲವು ಕಲ್ಲು ಬಿಡಿಸಿ ಆಚೆಗಿಟ್ಟ. ಧೂಳು ಇಳಿದ ಮೇಲೆ ಕುದುರೆಗಳನ್ನು ಒಳಗೆ ಬಿಟ್ಟೆವು. ಬಿಳಿ ಮೈ ತೂಗಲು ಹೊರಟದ್ದು ಅರ್ಧಕ್ಕೆ ನಿಂತಿತು. ಕಂಡಿಯ ಹತ್ತಿರ ಹೋಗಿ ಆಚೆ ನೋಡಿತು. ಆಚೆಯಿಂದ ಕಂದು ಮೂತಿ ಚಾಚಿತು. ಎರಡೂ ಸ್ವಲ್ಪ ಹೊತ್ತು ಮೂಗಿಗೆ ಮೂಗು ತಾಗಿಸಿ ಉಸಿರಾಡಿದವು. ಆಮೇಲೆ ಬಿಳಿ ತಲೆ ತಗ್ಗಿಸಿ ಹುಲ್ಲಿಗೆ ಬಾಯಿ ಹಾಕಿತು. ಎರಡು ಬಾರಿ ಜಗಿದು ತಲೆ ಎತ್ತಿ ಕಂಡಿಯ ಕಡೆ ನೋಡುವುದು, ಕಂದು ಕಂಡ ಮೇಲೆ ಪುನಃ ತಿನ್ನುವುದು.

ನಾನು ಅಲ್ಲೇ ನಿಂತುಬಿಟ್ಟೆ. ಕಣ್ಣು ಎಂದು ಇವರು ಹೇಳಿದ್ದು ರೋಗವನ್ನಲ್ಲ, ನೋಟವನ್ನು. ಅದು ಇದಕ್ಕೆ ಕಾಣಬೇಕು, ಇದು ಅದಕ್ಕೆ ಕಾಣಬೇಕು. ನಡುವಿನ ಗೋಡೆ ಎದೆಯೆತ್ತರ ದಾಟುವಾಗಲೇ ಅವರು ಹೇಳಿದ್ದರು.

ಜಗಲಿಗೆ ಓಡಿ ಅವರ ಕುರ್ಚಿಯ ಮುಂದೆ ಕುಳಿತೆ. “ಒಂದಕ್ಕೊಂದು ಕಾಣಬೇಕು ಅಂತ ಅಲ್ವಾ ನೀವು ಹೇಳಿದ್ದು? ಗೋಡೆ ಬೇಡ ಅಂತ?”

ಅವರ ಮುಖದ ಎಡಭಾಗವೆಲ್ಲ ನಕ್ಕಿತು. “ಹಾಂ” ಎಂದರು. ಅದರ ಹಿಂದೆಯೇ, ಬಹಳ ನಿಧಾನವಾಗಿ, “ಮಾರಾಯ್ತಿ” ಎಂದರು. ಕಾಯಿಲೆ ಬಿದ್ದ ಮೇಲೆ ಆ ಶಬ್ದ ಅವರ ಬಾಯಿಂದ ಬಂದದ್ದು ಅದೇ ಮೊದಲು. ನಾನು ಅವರ ಮೊಣಕಾಲಿನ ಮೇಲೆ ತಲೆಯಿಟ್ಟು ಅತ್ತೆ. ಅತ್ತಿಗೆ ಅಡುಗೆಮನೆಯಿಂದ ಹೊರಗೆ ಬಂದವಳು ನಮ್ಮನ್ನು ನೋಡಿ ಒಳಗೆ ಹೋಗಿ ಇಬ್ಬರಿಗೂ ಚಾ ಮಾಡಿ ತಂದಳು.

ಈಗ ಕೋಣದ ಯಜಮಾನರಿಗೆ ಹೇಳುವುದು ಹೇಗೆಂಬ ಸಂಕೋಚ ನನಗೆ. ತಮ್ಮ ಮೇಸ್ತ್ರಿಯನ್ನು ಕಳುಹಿಸಿ, ತಾವೇ ನಿಂತು ಮಾಡಿಸಿದ ಕೆಲಸ. ಅಣ್ಣ ಫೋನು ಮಾಡಿದ ಮೇಲೆ ಅವರೇ ಬಂದರು. ಕೋಣೆಯೊಳಗೆ ಹೋಗಿ ಬಹಳ ಹೊತ್ತು ಎರಡೂ ಕುದುರೆಗಳನ್ನು ನೋಡಿದರು. ಕಂದು ಕೆಮ್ಮುವುದನ್ನು ಕೇಳಿದರು, ಬಿಳಿಯ ಕಾಲಿನ ಹೊಲಿಗೆ ನೋಡಿದರು. ಹೊರಗೆ ಬಂದು ನನ್ನ ಗಂಡನ ಪಕ್ಕದಲ್ಲಿ ಕುಳಿತರು.

“ನನಗೆ ಕೋಣ ಗೊತ್ತು. ಕುದುರೆ ಗೊತ್ತಿರಲಿಲ್ಲ. ಗೊತ್ತಿದ್ದವರು ಇಲ್ಲೇ ಕುಳಿತಿದ್ದರು, ನಾವು ಯಾರೂ ಕೇಳಲಿಲ್ಲ” ಎಂದರು. ಆಮೇಲೆ ಇವರ ಎಡಗೈ ಹಿಡಿದು, “ನೀವೇ ತೋರಿಸಿ. ಯಾವ ಗೋಡೆ ಇರಬೇಕು, ಯಾವುದು ಹೋಗಬೇಕು? ಒಡೆಯುವ.”

ಹಾಗೆ ಕಟ್ಟಿದ್ದನ್ನು ಒಡೆಯುವ ಕೆಲಸ ಶುರುವಾಯಿತು. ಇವರ ಕುರ್ಚಿಯನ್ನು ಅಂಗಳದಲ್ಲೇ ಹಾಕಿದೆವು. ಮೇಸ್ತ್ರಿ ಒಂದೊಂದು ಗೋಡೆಯ ಮೇಲೆ ಕೈಯಿಟ್ಟು ಕೇಳುವುದು, ಇವರು ತಲೆ ಆಡಿಸಿ ಹೇಳುವುದು. ನಡುವಿನ ಗೋಡೆ ಹೋಯಿತು. ಬಾಗಿಲಿದ್ದ ಎದುರಿನ ಗೋಡೆ ಪೂರ್ತಿ ಹೋಯಿತು. ಮೂಡಣ ಬದಿಯ ಗೋಡೆಯೂ ಹೋಯಿತು. ಮಳೆ ಅಡ್ಡ ಹೊಡೆಯುವ ಪಡುವಣ ಬದಿಯ ಗೋಡೆಯನ್ನು ಹಾಗೇ ಬಿಟ್ಟೆವು. ತೆಂಕು ಬದಿಯಲ್ಲಿ ಅರ್ಧ ಉಳಿಯಿತು. ಮಾಡನ್ನು ಹೊರಲು ಕಬ್ಬಿಣದ ಕಂಬ ನಿಲ್ಲಿಸಿದರು. ಸಿಮೆಂಟು ನೆಲ ಕಿತ್ತು, ಜಲ್ಲಿ ಹಾಕಿ, ಮೇಲೆ ಮರಳು ಹರಡಿ, ಒಂದು ಬದಿಗೆ ಸ್ವಲ್ಪ ಇಳಿಜಾರು ಕೊಟ್ಟರು. ಮಲಗುವ ಜಾಗಕ್ಕೆ ಮರದ ಮಿಲ್ಲಿನಿಂದ ಒಣ ಹುಡಿ ತಂದು ದಪ್ಪಕ್ಕೆ ಹಾಸಿದೆವು. ಕುದುರೆಗಳನ್ನು ಕಟ್ಟಲು ಗೂಟ ಎಲ್ಲಿ ಎಂದು ಮೇಸ್ತ್ರಿ ಕೇಳಿದಾಗ ಇವರು ಕೈಯನ್ನು ಅಂಗಳದ ಸುತ್ತ ಬೀಸಿದರು. ಗೂಟ ಬೇಡ, ಸುತ್ತ ಬೇಲಿ ಸಾಕು, ಬೇಕಾದಾಗ ಒಳಗೆ ಬೇಕಾದಾಗ ಹೊರಗೆ ಎಂದು ನಾನು ಅರ್ಥ ಹೇಳಿದೆ. ಈ ಬಾರಿ ತಪ್ಪಲಿಲ್ಲ. ತಂತಿಯ ಬೇಲಿಯಲ್ಲಿ ಚರ್ಮ ಸೀಳುತ್ತದೆಂದು ಪೈಪಿನ ಬೇಲಿ ಹಾಕಿಸಿದೆವು. ಅದರ ಮೂಲೆಗಳಿಗೆ, ಚೂಪು ತಾಗದ ಹಾಗೆ, ನಾನು ಹಳೆ ಗೋಣಿ ಮಡಚಿ ಹೊಲಿದ ಪಟ್ಟಿ ಕಟ್ಟಿದೆ.

ಕಂದಿನ ಕೆಮ್ಮು ಕೆಲವು ದಿನಗಳಲ್ಲಿ ಇಳಿಯಿತು. ಬಿಳಿ ಮೈ ತೂಗುವುದು ಒಮ್ಮೆಗೇ ಬಿಡಲಿಲ್ಲ. ಏನಾದರೂ ಗಲಾಟೆಯಾದರೆ ಈಗಲೂ ಶುರುಮಾಡುತ್ತದೆ. ಒಮ್ಮೆ ಹಿಡಿದ ಚಾಳಿ ಪೂರ್ತಿ ಬಿಡುವುದು ಕಷ್ಟ ಎಂದಿದ್ದಳು ಪಶುವೈದ್ಯೆ. ಆದರೆ ಒಂದು ಬೆಳಿಗ್ಗೆ ಹುಲ್ಲು ಹಾಕಲು ಹೋದಾಗ ಬಿಳಿ ಕಾಲು ಚಾಚಿ, ಪೂರ್ತಿ ಮಗ್ಗುಲಾಗಿ, ಹುಡಿಯ ಮೇಲೆ ಮಲಗಿತ್ತು. ಸತ್ತೇ ಹೋಯಿತೆಂದುಕೊಂಡೆ. ಪಕ್ಕದಲ್ಲಿ ಕಂದು ಕಾವಲಿನವನ ಹಾಗೆ ನಿಂತಿತ್ತು. ಇವರನ್ನು ಕರೆದು ತೋರಿಸಿದಾಗ ಇವರು ಬಾಯಿಯ ಮೇಲೆ ಬೆರಳಿಟ್ಟರು. ಕುದುರೆ ಹಾಗೆ ಮೈಚೆಲ್ಲಿ ಮಲಗುವುದು ಭಯವಿಲ್ಲದ ಜಾಗದಲ್ಲಿ ಮಾತ್ರ, ಅದೂ ಇನ್ನೊಂದು ಎಚ್ಚರವಿದ್ದಾಗ ಎಂದು ಆಮೇಲೆ ತಿಳಿಯಿತು. ಇಷ್ಟು ವರ್ಷ ನಮ್ಮ ಹಿತ್ತಿಲಿನಲ್ಲಿದ್ದ ಪ್ರಾಣಿ ಮಲಗಿದ್ದನ್ನು ನಾನು ನೋಡಿಯೇ ಇರಲಿಲ್ಲ.

ಫಿಸಿಯೋಥೆರಪಿಯವರು ಮನೆಯಲ್ಲಿ ನಡೆಸಿ ಎಂದರೆ ಇವರು ಒಪ್ಪುತ್ತಿರಲಿಲ್ಲ. ಗೋಡೆ ಹಿಡಿದು ನಡೆಯುವುದರಲ್ಲಿ ಏನೂ ರುಚಿ ಕಾಣಲಿಲ್ಲ ಅವರಿಗೆ. ಪೈಪಿನ ಬೇಲಿ ಬಂದ ಮೇಲೆ ಅದನ್ನು ಹಿಡಿದು ಹೋಗತೊಡಗಿದರು. ಬೇಲಿಯ ಈಚೆ ಇವರು, ಆಚೆ ಕಂದು. ಇವರು ನಿಂತರೆ ಅದೂ ನಿಲ್ಲುತ್ತಿತ್ತು. ಬಲಗಾಲು ಎಳೆಯುತ್ತಾ ಮೂಲೆಯವರೆಗೆ ಹೋಗಿ ಬರುವ ಹೊತ್ತಿಗೆ ಅಂಗಿ ಒದ್ದೆಯಾಗುತ್ತಿತ್ತು. ಇವರು ಪೂರ್ತಿ ಸರಿಯಾದರು ಎಂದು ಬರೆದರೆ ಸುಳ್ಳಾಗುತ್ತದೆ. ಬಲಗೈ ಈಗಲೂ ಮಡಚಿಯೇ ಇರುತ್ತದೆ, ಮಾತು ತುಂಡುತುಂಡು. ಆದರೆ ಎರಡೂ ಹೊತ್ತು ಕುದುರೆಗಳ ಹುರುಳಿ ಬೆಂದಿದೆಯೇ ಎಂದು ಎಡಗೈಯಲ್ಲಿ ಹಿಸುಕಿ ನೋಡುವವರು ಅವರೇ.

ಬೆಳ್ತಂಗಡಿಯವರು ದೀಪಾವಳಿಯ ಹೊತ್ತಿಗೆ ಪುನಃ ಬಂದರು. ನಾನು ಹೇಳುವ ಮೊದಲೇ ಬೇಲಿಯ ಹತ್ತಿರ ಹೋಗಿ ನಿಂತರು. ಬಿಳಿ ಕಂದಿನ ಭುಜದ ಕೂದಲನ್ನು ಹಲ್ಲಿನಿಂದ ಮೆಲ್ಲಗೆ ಕಚ್ಚಿ ತುರಿಸುತ್ತಿತ್ತು; ಕಂದೂ ಹಾಗೇ ಮಾಡುತ್ತಿತ್ತು.

“ಇದನ್ನು ಒಂದನ್ನೇ ಕರ್ಕೊಂಡು ಹೋದರೆ ಅಲ್ಲಿ ಬದುಕಲಿಕ್ಕಿಲ್ಲ ಅಲ್ವಾ ಅಮ್ಮ?” ಎಂದರು.

“ಬದುಕಬಹುದು. ಸುಖದಲ್ಲಿ ಇರಲಿಕ್ಕಿಲ್ಲ” ಎಂದೆ.

“ಆಯಿತು. ನಾನು ಫೋಟೋಕ್ಕೆ ಬೇರೆ ಎಂತಾದರೂ ಮಾಡ್ತೇನೆ.” ಹೊರಡುವ ಮೊದಲು ಮಾಡಿನ ಎತ್ತರ, ನೆಲದ ಇಳಿಜಾರು ಎಲ್ಲವನ್ನೂ ಮೊಬೈಲಿನಲ್ಲಿ ತೆಗೆದುಕೊಂಡರು. ಮುಂದೆ ಸಾಕುವುದಾದರೆ ಎರಡನ್ನೇ ತರುವುದು, ಹೀಗೇ ಕಟ್ಟುವುದು ಎಂದರು.

ಮಳೆ ಮುಗಿದು ಮದುವೆಗಳು ಶುರುವಾದಾಗ ಮೂಡುಬಿದಿರೆಯ ಒಂದು ದಿಬ್ಬಣಕ್ಕೆ ಕರೆ ಬಂತು. ಯಾರು ಹೋಗುವುದು? ಇವರು ನನ್ನ ಕಡೆ ನೋಡಿದರು. ಜರಿಯ ಬಟ್ಟೆ ಹೊಸದು ಹೊಲಿದೆ. ಈ ಬಾರಿ ಟೇಪು ಹಿಡಿದು ನಾನೇ ಅಳತೆ ತೆಗೆದೆ. ಬಿಳಿಯ ಹಗ್ಗ ಹಿಡಿದು ಬ್ಯಾಂಡಿನ ಮುಂದೆ ನಡೆದವಳು ನಾನು. ಹಿಂದೆ, ಯಾರನ್ನೂ ಹೊರದೆ, ಅಣ್ಣನ ಜೊತೆ ಕಂದು. ಮದುಮಗನ ಮಾವ ಬಂದು, “ನಾವು ಹೇಳಿದ್ದು ಒಂದೇ ಕುದುರೆ ಅಲ್ವಾ?” ಎಂದು ಕೇಳಿದರು. “ಇನ್ನೊಂದು ಅದರ ಜೊತೆಗೆ ಬಂದದ್ದು” ಎಂದೆ. ಅವರು ಸ್ವಲ್ಪ ಯೋಚಿಸಿ, ಒಂದು ಹೂವಿನ ಮಾಲೆ ತರಿಸಿ ಕಂದಿನ ಕುತ್ತಿಗೆಗೂ ಹಾಕಿಸಿದರು. ಟೆಂಪೋ ಹತ್ತುವ ಮೊದಲೇ ಬಿಳಿ ಅದನ್ನು ತಿಂದು ಮುಗಿಸಿತ್ತು.

ನಾವು ಬಂಟ್ವಾಳಕ್ಕೆ ಮರಳಲಿಲ್ಲ. ಅಣ್ಣನ ಜಾಗದಲ್ಲೇ ಸಣ್ಣ ಮನೆ ಮಾಡಿಕೊಂಡೆವು, ಹೊಲಿಗೆ ಮೆಷಿನು ಸಿದ್ಧಕಟ್ಟೆ ಪೇಟೆಯ ಒಂದು ಕೋಣೆಗೆ ಹೋಯಿತು. ಮುಂದಿನ ಮಳೆಗಾಲದ ಮೊದಲ ದೊಡ್ಡ ಮಳೆ ಒಂದು ಸಂಜೆ ಬಂತು. ಎಲ್ಲರೂ ಜಗಲಿಯಲ್ಲಿ ಸೇರಿ ನೋಡುತ್ತಿದ್ದೆವು. ಕೋಣದ ಯಜಮಾನರೂ ಯಾವುದೋ ಕೆಲಸಕ್ಕೆ ಬಂದವರು ಅಲ್ಲೇ ಇದ್ದರು. ಅಷ್ಟು ಯೋಚಿಸಿ, ಕಟ್ಟಿ, ಒಡೆದು, ಪುನಃ ಕಟ್ಟಿದ ಸೂರು ಒಣಗಿ ಬೆಚ್ಚಗೆ ಖಾಲಿ ಇತ್ತು. ಎರಡೂ ಕುದುರೆಗಳು ಅಂಗಳದ ನಡುವೆ ಗಾಳಿಗೆ ಬೆನ್ನು ಹಾಕಿ, ತಲೆ ತಗ್ಗಿಸಿ, ಮಳೆಗೆ ಮೈಯೊಡ್ಡಿ ನಿಂತಿದ್ದವು.

“ನೋಡಿ ಭಾವ” ಎಂದ ಅಣ್ಣ, “ಇಷ್ಟೆಲ್ಲ ಮಾಡಿ ಎಂತ ಪ್ರಯೋಜನ? ನಿಂತದ್ದು ಮಳೆಯಲ್ಲಿ.”

ಇವರು ಶಬ್ದ ಹುಡುಕಿದರು. ನಾವು ಕಾದೆವು. ಈಗ ನಮಗೆಲ್ಲ ಕಾಯುವುದು ಗೊತ್ತು.

“ಅವು… ನೋಡ್ತವೆ” ಎಂದರು. “ಬೇಕಾದರೆ… ಬರ್ತವೆ.”

ಯಜಮಾನರು ಕುರ್ಚಿಯನ್ನು ಸ್ವಲ್ಪ ಒಳಗೆ ಎಳೆದುಕೊಂಡರು. ಮಳೆ ಇನ್ನೂ ಜೋರಾಯಿತು. ಸ್ವಲ್ಪ ಹೊತ್ತಿನಲ್ಲಿ ಗಾಳಿ ದಿಕ್ಕು ಬದಲಿಸಿದಾಗ ಕಂದು ಮೈ ಕೊಡವಿ ಸೂರಿನ ಕಡೆ ಹೊರಟಿತು, ಬಿಳಿ ಅದರ ಹಿಂದೆ. ನಾನು ಒಣ ಬೈಹುಲ್ಲು ತಬ್ಬಿಕೊಂಡು, ಕೊಡೆ ಹಿಡಿದು ಅಂಗಳಕ್ಕೆ ಇಳಿದೆ.